ತೋಡಿನ ನೀರು ಕೆಂಪಾದರೆ ಮನೆ ಬಿಡಿ

ನಮ್ಮ ಮನೆ ಕೊಡಗಿನ ಮಕ್ಕಂದೂರಿನ ಹತ್ತಿರ, ಕಾಫಿ ತೋಟದ ಇಳಿಜಾರಿನಲ್ಲಿತ್ತು. ಗುಡ್ಡ ಕುಸಿದ ದಿನ, 2018ರ ಆಗಸ್ಟ್ 16ರ ಬೆಳಿಗ್ಗೆ, ಮನೆ ಹಿಂದಿನ ತೋಡಿನ (ಸಣ್ಣ ಹಳ್ಳದ) ನೀರು ಕೆಂಪಗೆ, ಗಂಜಿಯ ಹಾಗೆ ದಪ್ಪಗೆ ಬಂತು. ಮಧ್ಯಾಹ್ನ ಮಳೆ ಸುರಿಯುತ್ತಲೇ ಇತ್ತು, ತೋಡು ಮಾತ್ರ ಸಣ್ಣಗಾಯಿತು. "ನೀರು ಇಳೀತಲ್ಲ ಮಗಳೇ, ಇನ್ನು ಭಯ ಇಲ್ಲ" ಅಂದರು ಅತ್ತೆ. ಮೇಲೆಲ್ಲೋ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಜರಿದು ನೀರಿಗೆ ಅಡ್ಡ ಬಿದ್ದಿದೆ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ಸಂಜೆವರೆಗೂ ಕೂತೆವು. ಕತ್ತಲಲ್ಲಿ ಮಗುವನ್ನೆತ್ತಿಕೊಂಡು ಓಡಬೇಕಾಯಿತು.

ಹಾಗಾಗಿ ಹೇಳುತ್ತೇನೆ: ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಕಮ್ಮಿಯಾದರೆ, ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಒಣಗಿದ್ದ ಜಾಗದಲ್ಲಿ ಒರತೆ ಎದ್ದರೆ, ತೋಟದ ಸಿಲ್ವರ್ ಓಕ್ ಮರಗಳು ವಾಲಿದರೆ, ನಿನ್ನೆವರೆಗೆ ಸಲೀಸಾಗಿದ್ದ ಬಾಗಿಲು ಬಿಗಿದರೆ ಹೊರಡಿ. ಬೆಳಕಿರುವಾಗಲೇ ಹೊರಡಿ. ಯಾರಾದರೂ ಬಂದು ಹೇಳಲಿ ಎಂದು ಕಾಯಬೇಡಿ. ಗುಡ್ಡದ ಕಡೆಯಿಂದ ಗುಡುಗಿನಂಥ ಸದ್ದು ಕೇಳಿದ ಮೇಲೆ ಚಪ್ಪಲಿ ಹುಡುಕುವಷ್ಟೂ ಸಮಯ ಇರುವುದಿಲ್ಲ.

ತೋಡಿನ ಪಕ್ಕದ ದಾರಿ ಹತ್ತಿರವಾದರೂ ಅದನ್ನು ಹಿಡಿಯಬೇಡಿ, ಮಣ್ಣು ಇಳಿಯುವುದೇ ಆ ದಾರಿಯಲ್ಲಿ. ಮಣ್ಣು ಬರುವ ಜಾಡನ್ನು ದಾಟದೆ, ಅದರಿಂದ ಪಕ್ಕಕ್ಕೆ ಸರಿದು ಏರಿನ ಕಡೆಗೆ ನಡೆಯಿರಿ. ಕಡಿದ ಬರೆಯ ಕೆಳಗೆ ನಿಲ್ಲಬೇಡಿ. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ಜೀಪಾದರೂ ದಾಟಿಸಬೇಡಿ.

ಚೀಲವನ್ನು ಜೂನ್‌ನಲ್ಲೇ ಕಟ್ಟಿಡಿ: ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ, ವಯಸ್ಸಾದವರ ಮಾತ್ರೆ, ಟಾರ್ಚ್, ಒಂದಿಷ್ಟು ನಗದು. ಆವತ್ತು ನಮ್ಮವರು ಪಹಣಿ ತರಲೆಂದು ಅರ್ಧ ದಾರಿಯಿಂದ ವಾಪಸ್ ಹೋದರು. ಆ ಹತ್ತು ನಿಮಿಷ ನಾನು ರಸ್ತೆಯಲ್ಲಿ ನಿಂತದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಕಾಗದ ಮತ್ತೆ ಮಾಡಿಸಬಹುದು.

ದನಗಳ ಹಗ್ಗ ಬಿಚ್ಚಿಬಿಡಿ, ಹೊಡೆದುಕೊಂಡು ಹೋಗಲು ನಿಲ್ಲಬೇಡಿ. ನಮ್ಮ ಎರಡು ಹಸುಗಳು ನಾಲ್ಕನೇ ದಿನ ಮೇಲಿನ ತೋಟದಲ್ಲಿ ಸಿಕ್ಕವು. ನಾಯಿಯ ಸರಪಳಿಯನ್ನೂ ಬಿಚ್ಚಲು ಮರೆಯಬೇಡಿ. ಲೈನ್ ಮನೆಯಲ್ಲಿರುವ ತೋಟದ ಕೆಲಸಗಾರರಿಗೆ ಊರು ಹೊಸದು, ದಾರಿ ಗೊತ್ತಿರುವುದಿಲ್ಲ. ಅವರನ್ನು ಕರೆದುಕೊಂಡೇ ಹೊರಡಿ.

ಕರೆಂಟು ಹೋದರೆ ಮೊಬೈಲ್ ಟವರೂ ಹೋಗಬಹುದು. ಸಿಗ್ನಲ್ ಇರುವಾಗಲೇ 112ಕ್ಕೆ ಕರೆ ಮಾಡಿ, ಎಷ್ಟು ಜನ, ಯಾವ ಕಡೆ ನಡೆಯುತ್ತಿದ್ದೀರಿ ಹೇಳಿ. ಪರಿಹಾರ ಕೇಂದ್ರ ಮುಟ್ಟಿದ ಕೂಡಲೇ ಹೆಸರು ಬರೆಸಿ. ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಯಾರೋ ಅದೇ ಗುಡ್ಡ ಹತ್ತುತ್ತಾರೆ.