ಸಾಲಿನಲ್ಲಿ ಕಾಯಿಸಬೇಡಿ: ಮಕ್ಕಳ ಕರಾಟೆ ಕ್ಲಾಸ್ ನಡೆಸುವುದು ಹೀಗೆ

ಸಂಜೆ ಐದೂವರೆ. 20 ಮಕ್ಕಳು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಎದುರಿಗೆ ಮಾಸ್ಟರ್ ಪ್ಯಾಡ್ ಹಿಡಿದಿದ್ದಾರೆ. ಒಬ್ಬೊಬ್ಬರೇ ಬಂದು ಒಂದು ಕಿಕ್ ಹೊಡೆದು ಸಾಲಿನ ಕೊನೆಗೆ ಹೋಗಬೇಕು. ಒಂದು ಮಗುವಿಗೆ 6 ಸೆಕೆಂಡ್ ಅಂದುಕೊಳ್ಳಿ. 20 ಮಕ್ಕಳಿಗೆ 2 ನಿಮಿಷ. ಹತ್ತು ನಿಮಿಷ ಹೀಗೇ ನಡೆದರೆ ಒಂದು ಮಗು ಹೊಡೆಯುವುದು ಐದೇ ಐದು ಕಿಕ್. ಉಳಿದ ಒಂಬತ್ತೂವರೆ ನಿಮಿಷ ಅದು ಏನು ಮಾಡುತ್ತದೆ? ಮುಂದಿನವನ ಬೆಲ್ಟ್ ಎಳೆಯುತ್ತದೆ. ಹಿಂದಿನವಳಿಗೆ ನಾಲಿಗೆ ತೋರಿಸುತ್ತದೆ. ಗೋಡೆಯ ಸುಣ್ಣ ಕೆರೆಯುತ್ತದೆ. ಆಮೇಲೆ ಮಾಸ್ಟರ್ 'ಡಿಸಿಪ್ಲಿನ್ ಇಲ್ಲ' ಅಂತ ಎಲ್ಲರಿಗೂ ಬಸ್ಕಿ ಹೊಡೆಸುತ್ತಾರೆ.

ಆ ಮಾಸ್ಟರ್ ನಾನೇ. ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಕ್ಲಾಸ್ ಶುರು ಮಾಡಿದ ಮೊದಲ ವರ್ಷ ಹೀಗೇ ನಡೆಸಿದ್ದೆ. ಜೂನ್‌ನಲ್ಲಿ 26 ಮಕ್ಕಳಿದ್ದರು. ದಸರಾ ರಜೆ ಮುಗಿಯುವಾಗ 11. ಬಿಟ್ಟವರ ಮನೆಯವರೆಲ್ಲ ಟ್ಯೂಷನ್ ನೆಪ ಹೇಳಿದರು. ಒಬ್ಬರು ಅಜ್ಜಿ ಮಾತ್ರ ನಿಜ ಹೇಳಿದರು. 'ನಿಮ್ಮ ಕ್ಲಾಸಲ್ಲಿ ನಿಂತ್ಕೊಳ್ಳೋದೇ ಜಾಸ್ತಿ ಅಂತಾನೆ ಮಾಸ್ಟ್ರೇ. ಅದನ್ನ ರೇಷನ್ ಅಂಗಡೀಲೂ ಕಲೀಬಹುದಲ್ವಾ?'

ಅವತ್ತು ಮನೆಗೆ ಬಂದು ಗಡಿಯಾರ ಮುಂದಿಟ್ಟುಕೊಂಡು ಮೇಲಿನ ಲೆಕ್ಕ ಹಾಕಿದೆ. ಆಮೇಲೆ ಕ್ಲಾಸ್ ಕಟ್ಟುವ ರೀತಿಯನ್ನೇ ಬದಲಾಯಿಸಿದೆ. ಈಗ ಶಾಲೆಯಲ್ಲೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ ಹೊಸದಾಗಿ ಕ್ಲಾಸ್ ಶುರು ಮಾಡುವವರಿಗೆ ಅದನ್ನೇ ಹೇಳುತ್ತಿದ್ದೇನೆ. ಕರಾಟೆ ಬಿಟ್ಟು ಟೇಕ್ವಾಂಡೋ ಕಲಿಸುವವರಿಗೂ ಬಹುಪಾಲು ಹೊಂದುತ್ತದೆ.

ಹಾಲ್‌ಗೆ ಹತ್ತು ನಿಮಿಷ ಮೊದಲೇ ಹೋಗಿ

ಮೊದಲು ನೆಲ ನೋಡಿ. ನಮ್ಮದು ಊಟದ ಹಾಲ್. ಮಧ್ಯಾಹ್ನ ಮದುವೆಯಾಗಿದ್ದರೆ ಸಂಜೆ ನೆಲದ ಮೇಲೆ ಹುಳಿಯ ಜಿಡ್ಡು ಇದ್ದೇ ಇರುತ್ತದೆ. ಬರಿಗಾಲಿನ ಮಗು ಅದರ ಮೇಲೆ ಕಿಕ್ ಹೊಡೆದರೆ ಕತೆ ಮುಗಿಯಿತು. ಸೋಪು ನೀರಿನಲ್ಲಿ ಒರೆಸಿ, ಒಣಗಲು ಬಿಡಿ. ಮದುವೆ ಸೀಸನ್‌ನಲ್ಲಿ ನಾವು ಟೆರೇಸಿಗೆ ಹೋಗುತ್ತೇವೆ.

ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ಗುಂಡಗೆ ಗುರುತು ಹಾಕಿ. ಎಷ್ಟು ಮಕ್ಕಳೋ ಅಷ್ಟು ಗುರುತು. ಎರಡು ಗುರುತಿನ ನಡುವೆ ಇಬ್ಬರು ಮಕ್ಕಳು ಕೈ ಚಾಚಿದರೂ ತಾಗದಷ್ಟು ಜಾಗ ಇರಲಿ. 'ಸಾಲಾಗಿ ನಿಲ್ಲಿ, ದೂರ ನಿಲ್ಲಿ, ಅಲ್ಲಲ್ಲ ಇಲ್ಲಿ' ಅಂತ ಕೂಗುವುದರಲ್ಲೇ ಐದು ನಿಮಿಷ ಹೋಗುತ್ತಿತ್ತು. ಈಗ 'ನಿಮ್ಮ ನಿಮ್ಮ ಚುಕ್ಕಿ' ಅಂದರೆ ಸಾಕು.

ಇವತ್ತು ಏನು ಮಾಡಿಸುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಹೊಸ ಪಾಠ ಒಂದೇ ಇರಲಿ. ಎರಡು ಬರೆದಿದ್ದರೆ ಒಂದನ್ನು ಹೊಡೆದು ಹಾಕಿ.

ವಯಸ್ಸು ನೋಡಿ ಗುಂಪು ಮಾಡಿ. 5ರಿಂದ 7 ವರ್ಷದವರಿಗೆ 40 ನಿಮಿಷ ಜಾಸ್ತಿಯೇ ಆಯಿತು. 8ರಿಂದ 11ರವರಿಗೆ ಒಂದು ಗಂಟೆ ನಡೆಯುತ್ತದೆ. ಒಬ್ಬರೇ ಕಲಿಸುವುದಾದರೆ 15ಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ಜೊತೆಗೊಬ್ಬ ಬ್ರೌನ್ ಬೆಲ್ಟ್ (ಬ್ಲ್ಯಾಕ್ ಬೆಲ್ಟಿನ ಹಿಂದಿನ ಹಂತ) ಹುಡುಗನೋ ಹುಡುಗಿಯೋ ಇದ್ದರೆ 20ರವರೆಗೂ ಆಗುತ್ತದೆ.

ಮಕ್ಕಳು ಬರುವಾಗ

ಎಲ್ಲರೂ ಒಟ್ಟಿಗೆ ಬರುವುದಿಲ್ಲ. ಮೊದಲು ಬಂದವರಿಗೆ ಕೆಲಸ ಇಲ್ಲದಿದ್ದರೆ ಓಡಾಟ ಶುರು. ಅದಕ್ಕೇ ನಮ್ಮಲ್ಲಿ ಬಂದ ತಕ್ಷಣ ಎರಡು ಕೆಲಸ. ಚಪ್ಪಲಿಯನ್ನು ಬಾಗಿಲ ಹೊರಗೆ ಗೋಡೆಗೆ ಸಾಲಾಗಿ, ಜೋಡಿಯಾಗಿ ಇಡಬೇಕು. ಆಮೇಲೆ ಬೆಲ್ಟ್ ಕಟ್ಟಿಕೊಳ್ಳಬೇಕು.

ಬೆಲ್ಟ್ ಕಟ್ಟುವುದು ಸುಮ್ನೆ ಅಲ್ಲ. ಆರು ವರ್ಷದ ಮಗುವಿಗೆ ಅದು ಎರಡು ಸುತ್ತು ಸುತ್ತಿದ ಮೇಲೂ ಮೊಣಕಾಲವರೆಗೆ ಜೋತಾಡುತ್ತದೆ. ನಾನು ಕಟ್ಟಿಕೊಡುವುದಿಲ್ಲ. ಹತ್ತು ವರ್ಷದವರು ಕಟ್ಟಿಕೊಡುತ್ತಾರೆ. ನಮ್ಮ ಕ್ಲಾಸಿನ ಒಬ್ಬಳು ಹಳದಿ ಬೆಲ್ಟಿನ ಹುಡುಗಿ ಮಂಡಿಯೂರಿ ಕೂತು ಕಟ್ಟುವುದನ್ನು ನೀವು ನೋಡಬೇಕು. 'ಮಧ್ಯಭಾಗ ಹೊಕ್ಕುಳ ಮೇಲಿಡು. ಎರಡೂ ತುದಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರ್ಲಿ. ಈಗ ಒಂದನ್ನ ಎರಡೂ ಪದರದ ಕೆಳಗಿಂದ ತೂರ್ಸು. ಗಂಟು ಹಾಕು. ಎಳಿ.' ಕ್ಲಾಸಿನಲ್ಲಿ ನಾಲ್ಕು ಮಾತು ಆಡದ ಹುಡುಗಿ ಅವಳು.

ಅಷ್ಟರಲ್ಲಿ ನೀವು ಉಗುರು, ಬಳೆ, ಕಾಲ್ಗೆಜ್ಜೆ, ಓಲೆ ನೋಡಿ. ತೆಗೆಸಬಹುದಾದದ್ದನ್ನು ತೆಗೆಸಿ. ಯಾರಿಗೆ ಆಸ್ತಮಾ ಇದೆ, ಇನ್‌ಹೇಲರ್ ಯಾವ ಬ್ಯಾಗಿನಲ್ಲಿದೆ ಅಂತ ಗೊತ್ತಿರಲಿ.

ಸೆಲ್ಯೂಟ್ ಚಿಕ್ಕದಾಗಿರಲಿ

ಸೆಲ್ಯೂಟ್‌ಗೆ ಮೊದಲು ಸಾಲಾಗಿ ಮಂಡಿಯೂರಿ ಕೂತು ಕಣ್ಣು ಮುಚ್ಚುವುದಕ್ಕೆ ಕರಾಟೆಯಲ್ಲಿ ಮೊಕುಸೋ ಅನ್ನುತ್ತಾರೆ. ದೊಡ್ಡವರ ಕ್ಲಾಸಿನಲ್ಲಿ ಇದು ಕೆಲವು ನಿಮಿಷ ನಡೆಯುತ್ತದೆ. ಮಕ್ಕಳಿಗೆ ಐದು ಉಸಿರು ಸಾಕು. 'ಐದು ಉಸಿರು ಎಣಿಸಿ ಕಣ್ಣು ಬಿಡಿ' ಅನ್ನಿ. ಎಣಿಸುವ ಕೆಲಸ ಕೊಟ್ಟರೆ ಕೂರುತ್ತಾರೆ, 'ಸುಮ್ಮನೆ ಕೂರಿ' ಅಂದರೆ ಕೂರುವುದಿಲ್ಲ.

ಕೆರೆ-ದಡ ಆಡಿಸಿ ಮೈ ಬಿಸಿ ಮಾಡಿ

ಹಾಲ್ ಸುತ್ತ ಹತ್ತು ರೌಂಡ್ ಓಡಿಸುವುದು ಹಳೇ ಪದ್ಧತಿ. ಮಕ್ಕಳಿಗೆ ಅದು ಬೇಸರ. ನಮ್ಮಲ್ಲೇ ಒಂದು ಆಟ ಇದೆಯಲ್ಲ, ಕೆರೆ-ದಡ. ಗೆರೆ ಎಳೆದು, 'ಕೆರೆ' ಅಂದರೆ ಒಳಗೆ ಹಾರಬೇಕು, 'ದಡ' ಅಂದರೆ ಹೊರಗೆ. ನಾನು ಅದಕ್ಕೆ ಒಂದು ಬದಲಾವಣೆ ಮಾಡಿದೆ. 'ಕೆರೆ' ಅಂದರೆ ಗೆರೆ ದಾಟಿ ಝೆನ್‌ಕುತ್ಸು ದಾಚಿಯಲ್ಲಿ ನಿಲ್ಲಬೇಕು. ಅಂದರೆ ಮುಂದಿನ ಕಾಲು ಮಡಿಸಿ, ಹಿಂದಿನ ಕಾಲು ನೀಟಾಗಿ ಚಾಚಿ. 'ದಡ' ಅಂದರೆ ಹಿಂದಕ್ಕೆ ಹಾರಿ ಮಾಮೂಲು ನಿಲುವು. ಐದು ನಿಮಿಷದಲ್ಲಿ 60 ಸಲ ಆ ಭಂಗಿಗೆ ಇಳಿದಿರುತ್ತಾರೆ. 'ಬನ್ನಿ, 60 ಸಲ ಝೆನ್‌ಕುತ್ಸು ಮಾಡೋಣ' ಅಂದಿದ್ದರೆ ಹತ್ತಕ್ಕೇ ನೀರು ಕುಡಿಯಬೇಕು ಅನ್ನುತ್ತಿದ್ದರು.

ಒಂದು ಎಚ್ಚರಿಕೆ. ಆಟದಲ್ಲಿ ತಪ್ಪಿದವರನ್ನು ಔಟ್ ಮಾಡಬೇಡಿ. ಮೊದಲು ಔಟಾಗುವ ಮಗುವಿಗೇ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು. ಅದನ್ನೇ ಗೋಡೆ ಪಕ್ಕ ಕೂರಿಸಿದರೆ ಹೇಗೆ? ತಪ್ಪಿದವರು ಮೂರು ಪಂಚ್ ಹೊಡೆದು ಮತ್ತೆ ಒಳಗೆ ಬರಲಿ.

ಕುಂಟಾಟವನ್ನೂ ಹೀಗೇ ಬಳಸಬಹುದು. ಒಂಟಿ ಕಾಲಿನ ಸಮತೋಲನ ಇಲ್ಲದೆ ಕಿಕ್ ಬರುವುದಿಲ್ಲ.

ಇವತ್ತಿನ ಒಂದು ಪಾಠ

ಝೆನ್‌ಕುತ್ಸುವಿನಲ್ಲಿ ಮಕ್ಕಳು ಮಾಡುವ ತಪ್ಪು ಯಾವಾಗಲೂ ಒಂದೇ. ಎರಡೂ ಪಾದಗಳನ್ನು ಒಂದೇ ಗೆರೆಯ ಮೇಲೆ ಇಡುತ್ತಾರೆ, ಹಗ್ಗದ ಮೇಲೆ ನಡೆಯುವವರ ಹಾಗೆ. ಸ್ವಲ್ಪ ತಳ್ಳಿದರೆ ಬೀಳುತ್ತಾರೆ. 'ಪಾದಗಳ ನಡುವೆ ಭುಜದಷ್ಟು ಅಗಲ ಇರಲಿ' ಅಂತ ನೂರು ಸಲ ಹೇಳಿದ್ದೆ. ಒಬ್ಬರಿಗೂ ತಲೆಗೆ ಹೋಗಲಿಲ್ಲ. ಒಂದು ದಿನ ಚಾಕ್‌ಪೀಸಿನಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದೆ. 'ರೈಲು ಒಂದು ಕಂಬಿ ಮೇಲೆ ಓಡುತ್ತಾ, ಎರಡರ ಮೇಲಾ?' ಅಂದೆ. ಅಷ್ಟೇ. ಎಡಗಾಲು ಎಡ ಕಂಬಿ, ಬಲಗಾಲು ಬಲ ಕಂಬಿ. ಈಗಲೂ ಯಾರಾದರೂ ತಪ್ಪಿದರೆ ಪಕ್ಕದವರೇ 'ಏಯ್, ರೈಲು ಬಿತ್ತು' ಅನ್ನುತ್ತಾರೆ.

ತಿದ್ದುವಾಗ ಎರಡು ಮೂರು ಪದ ಸಾಕು. 'ಮೊಣಕಾಲು ಮಡಿಸು.' 'ಕೈ ಸೊಂಟಕ್ಕೆ.' ಇದಕ್ಕಿಂತ ಉದ್ದ ಹೇಳಿದರೆ ಅದು ಭಾಷಣ. ನೀವು ಮಾತಾಡುವಾಗಲೂ ಮಕ್ಕಳು ಕಾಯುತ್ತಲೇ ಇರುತ್ತಾರೆ ಅನ್ನುವುದು ನೆನಪಿರಲಿ.

ಪುನರಾವರ್ತನೆ ಬೇಕೇ ಬೇಕು, ಆದರೆ ಅದರ ವೇಷ ಬದಲಾಗುತ್ತಿರಬೇಕು. ಮೊದಲ ಹತ್ತು ಪಂಚ್ ಜಪಾನೀ ಎಣಿಕೆಯಲ್ಲಿ: ಇಚಿ, ನಿ, ಸಾನ್, ಶಿ, ಗೋ. ಮುಂದಿನ ಹತ್ತು ಕನ್ನಡದಲ್ಲಿ. ಆಮೇಲೆ ಒಂದು ಮಗು ಎಣಿಸಲಿ. ಆಮೇಲೆ ಪಿಸುಮಾತಿನಲ್ಲಿ. ಆಮೇಲೆ ಕಣ್ಣು ಮುಚ್ಚಿ. ಕೊನೆಗೆ ಹತ್ತರಿಂದ ಒಂದಕ್ಕೆ, ಹಿಮ್ಮುಖವಾಗಿ. 60 ಪಂಚ್ ಆಗಿರುತ್ತದೆ, ಒಬ್ಬರೂ 'ಸಾಕು' ಅಂದಿರುವುದಿಲ್ಲ.

ಪ್ಯಾಡ್ ಬದಲು ಹಳೇ ಪೇಪರ್

ಇನ್ನು ಆ ಉದ್ದ ಸಾಲಿನ ವಿಷಯಕ್ಕೆ ಬರೋಣ. ಒಂದು ಪ್ಯಾಡ್, 20 ಮಕ್ಕಳು. ಇನ್ನೂ ಒಂಬತ್ತು ಪ್ಯಾಡ್ ಕೊಳ್ಳಲು ನನ್ನಲ್ಲಿ ದುಡ್ಡಿರಲಿಲ್ಲ. ಮನೆಯಲ್ಲಿ ಹಳೇ ಪೇಪರ್ ರಾಶಿ ಬಿದ್ದಿತ್ತು. ಈ ಪುರವಣಿಯನ್ನೂ ಓದಿದ ಮೇಲೆ ಎತ್ತಿಡಿ, ಉಪಯೋಗಕ್ಕೆ ಬರುತ್ತದೆ.

ಇಬ್ಬಿಬ್ಬರನ್ನು ಜೋಡಿ ಮಾಡಿ. ಪ್ರತಿ ಜೋಡಿಗೆ ಅರ್ಧ ಹಾಳೆ. ಒಬ್ಬರು ಹಾಳೆಯ ಮೇಲಿನ ಎರಡೂ ಮೂಲೆ ಹಿಡಿದು, ಕೈ ಪೂರ್ತಿ ಚಾಚಿ, ತಮ್ಮ ಮೈಯಿಂದ ಪಕ್ಕಕ್ಕೆ ಹಿಡಿಯಬೇಕು. ಮುಖದ ಮುಂದೆ ಬೇಡ. ಇನ್ನೊಬ್ಬರು ಪಂಚ್ ಹೊಡೆಯಬೇಕು. ಇಲ್ಲೇ ಇರುವುದು ಮಜಾ. ಕೈಯನ್ನು ಸುಮ್ಮನೆ ತಳ್ಳಿದರೆ ಹಾಳೆ ಉಯ್ಯಾಲೆಯ ಹಾಗೆ ತೂಗುತ್ತದೆ, ಸದ್ದು ಬರುವುದಿಲ್ಲ. ಚಕ್ಕನೆ ಹೊಡೆದು ಚಕ್ಕನೆ ಹಿಂದಕ್ಕೆ ಎಳೆದುಕೊಂಡರೆ 'ಪಟ್' ಅನ್ನುತ್ತದೆ. ಸರಿಯೋ ತಪ್ಪೋ ಅಂತ ನಾನು ಹೇಳಬೇಕಾಗಿಲ್ಲ, ಪೇಪರ್ ಹೇಳುತ್ತದೆ. ಹತ್ತು ಹೊಡೆದ ಮೇಲೆ ಅದಲು ಬದಲು. ಹತ್ತು ನಿಮಿಷದಲ್ಲಿ ಒಬ್ಬೊಬ್ಬರದು ಏನಿಲ್ಲವೆಂದರೂ 80 ಪಂಚ್. ಮೊದಲು ಐದು ಇತ್ತು, ನೆನಪಿದೆಯಲ್ಲ?

ಹಾಳೆ ಹರಿದರೆ ಅವತ್ತಿನ ಹೀರೋ ಅವನೇ. ಹರಿದ ಚೂರನ್ನು ಆ ಹೀರೋನೇ ಗುಡಿಸಬೇಕು.

ಕಿಕ್‌ಗೆ ಪ್ಯಾಡೇ ಬೇಕು ಅನ್ನುವವರು ಹಾಲ್‌ನಲ್ಲಿ ನಾಲ್ಕು ಜಾಗ ಮಾಡಿ. ಒಂದು ಕಡೆ ಪ್ಯಾಡ್, ಒಂದು ಕಡೆ ಪೇಪರ್, ಒಂದು ಕಡೆ ಕುಂಟಾಟ, ಇನ್ನೊಂದು ಕಡೆ ರೈಲು ಕಂಬಿ. ಎರಡೆರಡು ನಿಮಿಷಕ್ಕೆ ಶಿಳ್ಳೆ ಹಾಕಿ ಜಾಗ ಬದಲಿಸಿ.

ಕಟಾ: 21ನ್ನು ಐದು ತುಂಡು ಮಾಡಿ

ಕಟಾ ಅಂದರೆ ಒಂದರ ಹಿಂದೆ ಒಂದು ಬರುವ ಚಲನೆಗಳ ಸರಣಿ. ಮಕ್ಕಳಿಗೆ ಕಷ್ಟ ಅನ್ನುತ್ತಾರೆ. ಆದರೆ ಶುರುವಿನ ಕಟಾಗಳು ಹುಟ್ಟಿದ್ದೇ ಶಾಲೆಯ ಮಕ್ಕಳಿಗಾಗಿ. ಜಪಾನಿನ ಓಕಿನಾವಾ ದ್ವೀಪದಲ್ಲಿ ಆಂಕೋ ಇತೋಸು ಎಂಬ ಗುರು 1901ರ ಹೊತ್ತಿಗೆ ಪ್ರಾಥಮಿಕ ಶಾಲೆಯಲ್ಲಿ ಕರಾಟೆ ಶುರು ಮಾಡಿಸಿದರು. ಹಳೆಯ ಉದ್ದುದ್ದ ಕಟಾಗಳು ಮಕ್ಕಳಿಗೆ ಭಾರ ಅನ್ನಿಸಿ ಪಿನಾನ್ ಎಂಬ ಐದು ಚಿಕ್ಕ ಕಟಾಗಳನ್ನು ರೂಪಿಸಿದರು. ಅವರ ಶಿಷ್ಯ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದರು. ಮುಂದೆ ಅವರೇ ಪಿನಾನ್ ಹೆಸರನ್ನು ಹೆಯಾನ್ ಅಂತ ಬದಲಿಸಿದರು. ಮೊದಲೆರಡರ ಜಾಗವನ್ನೂ ಅದಲು ಬದಲು ಮಾಡಿದರು. ಶೋದಾನ್ ಅಂದರೆ ಮೊದಲನೆಯದು, ನಿದಾನ್ ಅಂದರೆ ಎರಡನೆಯದು. ಹಾಗಾಗಿ ಫುನಾಕೋಶಿಯವರ ಶೋಟೋಕಾನ್ ಶೈಲಿಯವರ ಹೆಯಾನ್ ಶೋದಾನ್, ಶಿಟೋ-ರಿಯು ಎಂಬ ಇನ್ನೊಂದು ಶೈಲಿಯವರಿಗೆ ಪಿನಾನ್ ನಿದಾನ್. ಬೇರೆ ಕ್ಲಾಸಿನಿಂದ ಬಂದ ಮಗು 'ನಮ್ಮ ಸರ್ ಬೇರೆ ಹೆಸರು ಹೇಳಿದ್ರು' ಅಂದರೆ ಗದರಬೇಡಿ. ಇಬ್ಬರೂ ಸರಿ.

ಹೆಯಾನ್ ಶೋದಾನ್‌ನಲ್ಲಿ 21 ಚಲನೆ. ಇಡೀ ಕಟಾ ಒಮ್ಮೆಗೇ ಹೇಳಿಕೊಡಬೇಡಿ. ಮೊದಲ ತುಂಡಿನಲ್ಲಿ 5. ಆಮೇಲೆ ನಾಲ್ಕು ನಾಲ್ಕರ ನಾಲ್ಕು ತುಂಡು. ಲೆಕ್ಕ ಸರಿಯಾಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಜೋರಾಗಿ ಕೂಗುವ ಕಿಯಾಯ್ ಬರುವುದು 9ನೇ ಮತ್ತು 17ನೇ ಚಲನೆಯಲ್ಲಿ. ಅಂದರೆ ಎರಡನೇ ಮತ್ತು ನಾಲ್ಕನೇ ತುಂಡಿನ ಕೊನೆಯಲ್ಲಿ. ಕೂಗುವುದಕ್ಕೆ ಕಾದು ಕೂತ ಮಕ್ಕಳು ಅಲ್ಲಿಯವರೆಗಿನ ಲೆಕ್ಕ ತಪ್ಪುವುದಿಲ್ಲ. ಒಂದು ವಾರಕ್ಕೆ ಒಂದು ತುಂಡು ಅಂದುಕೊಳ್ಳಿ.

ಕಲಿತಿದ್ದಾರೋ, ಮುಂದಿನವರನ್ನು ನೋಡಿ ಮಾಡುತ್ತಿದ್ದಾರೋ ಅಂತ ತಿಳಿಯಬೇಕೇ? ಎಲ್ಲರನ್ನೂ ಹಿಂದಿನ ಗೋಡೆಯ ಕಡೆ ತಿರುಗಿಸಿ ಶುರು ಮಾಡಿಸಿ. ಮುಂದಿನ ಸಾಲು ಹಿಂದಿನ ಸಾಲಾಗುತ್ತದೆ. ಐದು ಸೆಕೆಂಡಿನಲ್ಲಿ ಬಣ್ಣ ಬಯಲು.

ಬಸ್ಕಿ ಬೇಡ

ವ್ಯಾಯಾಮವನ್ನು ಶಿಕ್ಷೆ ಮಾಡಬೇಡಿ. ಮೊದಲ ವರ್ಷ ಮೂರನೇ ಕ್ಲಾಸಿನ ಒಬ್ಬನಿಗೆ ಮಾತಾಡಿದ್ದಕ್ಕೆ 50 ಬಸ್ಕಿ ಹೊಡೆಸಿದೆ. ಮಾರನೇ ದಿನ ಅವನಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಆಮೇಲೆ ಅವನು ಬರಲೇ ಇಲ್ಲ. ಈಗ ಗಲಾಟೆ ಮಾಡುವವನನ್ನು ಮುಂದೆ ಕರೆದು ಎಣಿಸಲು ಹೇಳುತ್ತೇನೆ. ಅವನ ಗಂಟಲಿಗೂ ಕೆಲಸ ಬೇಕಲ್ಲ.

ಎಳೆಯ ಮೂಳೆಗಳ ವಿಷಯದಲ್ಲಿ ನಾನು ಹಟಮಾರಿ. ಗೆಣ್ಣಿನ ಮೇಲೆ ಪುಷಪ್ ಇಲ್ಲ, ಹಲಗೆ ಹೊಡೆಯುವುದಿಲ್ಲ, ಬೆನ್ನು ಒತ್ತಿ ಬಗ್ಗಿಸುವುದಿಲ್ಲ, ತಲೆಗೆ ಏಟಿಲ್ಲ. ಗಾಳಿಯಲ್ಲಿ ಕಿಕ್ ಹೊಡೆಯುವಾಗ ಮೊಣಕಾಲನ್ನು ಪೂರ್ತಿ ಝಾಡಿಸಲು ಬಿಡುವುದಿಲ್ಲ.

ಮಗುವಿನ ಮೈ ಮುಟ್ಟುವ ಮೊದಲು ಕೇಳಿ: 'ಕೈ ಸರಿ ಮಾಡ್ಲಾ?' ಸುತ್ತಿದ ಪೇಪರಿನಿಂದ ತೋರಿಸಿದರೂ ಆಗುತ್ತದೆ. ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಸಹಾಯಕರಿಗೂ ಇದೇ ನಿಯಮ. 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಅಂತ ಒಮ್ಮೆ ಓದಿಕೊಳ್ಳಿ. ಮಕ್ಕಳ ಸಹಾಯವಾಣಿ 1098 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.

ಅಪ್ಪ ಅಮ್ಮಂದಿರು

ಮೊದಲ ವಾರವೇ ಕೇಳುತ್ತಾರೆ: 'ಬ್ಲ್ಯಾಕ್ ಬೆಲ್ಟ್ ಯಾವಾಗ ಸರ್?' ವರ್ಷಗಳೇ ಬೇಕು ಅಂತ ನೇರವಾಗಿ ಹೇಳಿಬಿಡಿ. ಮೂರು ತಿಂಗಳಿಗೊಮ್ಮೆ ಫೀಸ್ ಕಟ್ಟಿದವರಿಗೆಲ್ಲ ಬಣ್ಣ ಬದಲಿಸುವ ಕ್ಲಾಸುಗಳಿವೆ. ನನಗೆ ಅದು ಬೆಲ್ಟ್ ಅಂಗಡಿ ಅನ್ನಿಸುತ್ತದೆ. ಆದರೆ ಮಕ್ಕಳಿಗೆ ಕಣ್ಣಿಗೆ ಕಾಣುವ ಏನಾದರೂ ಬೇಕು, ಅದೂ ನಿಜ. ಅದಕ್ಕೆ ಕಟಾದ ಒಂದು ತುಂಡು ಕಲಿತರೆ ಬೆಲ್ಟಿನ ತುದಿಗೆ ಒಂದು ಬಣ್ಣದ ಟೇಪ್. ಐದು ಟೇಪ್ ಆದ ಮೇಲೆ ಪರೀಕ್ಷೆ.

ಬಾಗಿಲ ಬಳಿ ನಿಂತು 'ಕಾಲು ಎತ್ತೋ, ಅವಳನ್ನ ನೋಡು' ಅಂತ ಕೂಗುವ ಅಪ್ಪಂದಿರಿಗೆ ನನ್ನಲ್ಲಿ ಒಂದೇ ಮದ್ದು. ತಿಂಗಳ ಕೊನೆಯ ಶುಕ್ರವಾರ ಅವರನ್ನೂ ಬರಿಗಾಲಿನಲ್ಲಿ ಒಳಗೆ ಕರೆದು ರೈಲು ಕಂಬಿ ಮೇಲೆ ನಿಲ್ಲಿಸುತ್ತೇನೆ. ಮುಂದಿನ ವಾರದಿಂದ ಸದ್ದಿರುವುದಿಲ್ಲ.

ಮುಗಿಸುವಾಗ

ಕೊನೆಯ ಐದು ನಿಮಿಷ ಬಾಲ ಕೀಳುವ ಆಟ. ಒಂದು ಬಟ್ಟೆ ಚೂರನ್ನು ಬೆಲ್ಟಿನ ಹಿಂದೆ ಸಿಕ್ಕಿಸಿ, ತಮ್ಮದನ್ನು ಉಳಿಸಿಕೊಂಡು ಇನ್ನೊಬ್ಬರದನ್ನು ಕೀಳಬೇಕು. ತಪ್ಪಿಸಿಕೊಳ್ಳುವುದು, ದೂರ ಅಳೆಯುವುದು, ಎರಡೂ ಇದರಲ್ಲೇ ಬರುತ್ತದೆ. ಆಟ ಜೋರಾಗಿರುವಾಗಲೇ 'ಯಾಮೆ' ಅಂದು ನಿಲ್ಲಿಸಿ. 'ಇನ್ನೊಂದ್ಸಲ ಮಾಸ್ಟ್ರೇ' ಅನ್ನುತ್ತಾರೆ. ಅದು ಬುಧವಾರಕ್ಕಿರಲಿ. ಮತ್ತೆ ಐದು ಉಸಿರು, ಸೆಲ್ಯೂಟ್.

ಮಕ್ಕಳನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅಂತ ಮೊದಲೇ ಬರೆಸಿಕೊಂಡಿರಿ. ಅವರು ಬಿಟ್ಟು ಬೇರೆಯವರು ಬಂದರೆ ಮನೆಗೆ ಫೋನ್ ಮಾಡಿ ಕೇಳಿ. ಅಷ್ಟು ಹೊತ್ತು ಜೇಬಿನ ಚೀಟಿ ತೆಗೆದು, ಏನು ನಡೆಯಿತು, ಎಲ್ಲಿ ಮಕ್ಕಳು ಸುಮ್ಮನೆ ನಿಲ್ಲಬೇಕಾಯಿತು ಅಂತ ಎರಡು ಸಾಲು ಗೀಚಿಕೊಳ್ಳಿ. ಗೋಡೆ ಪಕ್ಕದ ಕೊನೆಯ ಜೋಡಿ ಚಪ್ಪಲಿ ಹೋದ ಮೇಲೆ ಲೈಟ್ ಆರಿಸಿ.