ಷರ್ಲಾಕ್‌ನ ಮನೆ ಬೇಕರ್ ಸ್ಟ್ರೀಟಿನಲ್ಲಿಲ್ಲ

ಕಚೇರಿಯ ಕೆಲಸಕ್ಕೆಂದು ಲಂಡನ್ನಿಗೆ ಹೋದಾಗ ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ಶನಿವಾರ. ತಂಗಿಯ ಅಪ್ಪಣೆ ಮೊದಲೇ ಆಗಿತ್ತು: "ಅಣ್ಣ, ಅರಮನೆ ಗಿರಮನೆ ಬೇಡ, ಷರ್ಲಾಕ್‌ನ ಜಾಗಗಳ ಫೋಟೋ ತಾ." ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಕುರಿತು 2010ರಲ್ಲಿ ಶುರುವಾದ ಬಿಬಿಸಿಯ 'ಷರ್ಲಾಕ್' ಧಾರಾವಾಹಿಯನ್ನು ನಾವಿಬ್ಬರೂ ಬಾಯಿಪಾಠವಾಗುವಷ್ಟು ನೋಡಿದ್ದೆವು.

ಹಿಂದಿನ ರಾತ್ರಿ ಸಂಚಿಕೆಗಳನ್ನು ಅಲ್ಲಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಮುಖ ತುಂಬಿದ ದೃಶ್ಯಗಳು ಈ ಕೆಲಸಕ್ಕೆ ಬಾರವು. ಹಿನ್ನೆಲೆಯಲ್ಲಿ ಕಿಟಕಿಯ ಸಾಲೂ ದೀಪದ ಕಂಬವೂ ಕಾಣಬೇಕು. ಸ್ಥಳಕ್ಕೆ ಹೋದ ಮೇಲೆ ಅವೆರಡೂ ಚಿತ್ರದಲ್ಲಿದ್ದಂತೆಯೇ ಒಂದರ ಪಕ್ಕ ಒಂದು ಬರುವವರೆಗೆ ಅಕ್ಕಪಕ್ಕ, ಹಿಂದೆ ಮುಂದೆ ಸರಿದರೆ, ಹೆಚ್ಚುಕಡಿಮೆ ಕ್ಯಾಮೆರಾ ನಿಂತಿದ್ದ ಜಾಗಕ್ಕೇ ಬಂದು ನಿಲ್ಲುತ್ತೇವೆ.

ಕಥೆಯಲ್ಲಿ ಹೋಮ್ಸ್‌ನ ಮನೆಯಿರುವ ಬೇಕರ್ ಸ್ಟ್ರೀಟಿನಲ್ಲಿ ನಾನು ಇಳಿಯಲಿಲ್ಲ. ಅಲ್ಲಿನ ವಾಹನಗಳ ದಟ್ಟಣೆ ಮತ್ತು ಎಲ್ಲೆಂದರಲ್ಲಿ ಕಾಣುವ ಹೋಮ್ಸ್ ಫಲಕಗಳ ನಡುವೆ ಚಿತ್ರೀಕರಣ ಆಗದ ಮಾತೆಂದು ತಂಡದವರು ಬೇರೆ ಬೀದಿ ಹುಡುಕಿಕೊಂಡಿದ್ದರು. ಮೆಟ್ರೋದಲ್ಲಿ ಇನ್ನೆರಡು ನಿಲ್ದಾಣ ಮುಂದೆ, ಯೂಸ್ಟನ್ ಸ್ಕ್ವೇರಿನಲ್ಲಿ ಇಳಿದರೆ ನಾರ್ತ್ ಗೋವರ್ ಸ್ಟ್ರೀಟ್. ಅಲ್ಲಿನ 187ನೇ ಸಂಖ್ಯೆಯ ಕಪ್ಪು ಬಾಗಿಲೇ ತೆರೆಯ ಮೇಲೆ ಹೋಮ್ಸ್‌ನ ಮನೆ, 221ಬಿ. ಪಕ್ಕದಲ್ಲೇ ಸ್ಪೀಡೀಸ್ ಕೆಫೆ. ಬಾಗಿಲಿನ ಒಳಗೆ ಹೋಮ್ಸ್‌ನ ಕೋಣೆ ಇಲ್ಲ. ಅದು ವೇಲ್ಸ್‌ನ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಎರಡು ಬಾಗಿಲು ಆಚೆ, 183ರ ಗೋಡೆಯ ಮೇಲೆ ಇಟಲಿಯ ಏಕೀಕರಣಕ್ಕೆ ಹೋರಾಡಿದ ಮಾಜ್ಜಿನಿ ವಾಸವಾಗಿದ್ದನೆಂಬ ಫಲಕವಿದೆ. ನಿಜವಾಗಿ ಬದುಕಿದ್ದವನ ಮನೆಯ ಮುಂದೆ ಯಾರೂ ಇರಲಿಲ್ಲ, ಬದುಕಿರದವನ ಬಾಗಿಲಲ್ಲಿ ಆರು ಜನ. ನಾನು ಏಳನೆಯವನು.

ಮಧ್ಯಾಹ್ನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಗೆ ಹೋದೆ. 1123ರಲ್ಲಿ ಆರಂಭವಾದ ಆಸ್ಪತ್ರೆ; ಹೋಮ್ಸ್ ಮತ್ತು ಅವನ ಗೆಳೆಯ ಜಾನ್ ವಾಟ್ಸನ್ ಮೊದಲು ಭೇಟಿಯಾಗುವುದು ಮೂಲ ಕಾದಂಬರಿಯಲ್ಲೂ ಇಲ್ಲಿಯೇ. 2012ರ ಜನವರಿಯಲ್ಲಿ ಪ್ರಸಾರವಾದ ಸಂಚಿಕೆಯಲ್ಲಿ ಷರ್ಲಾಕ್ ಹಾರುವುದು ಇದರ ಚಾವಣಿಯಿಂದ. ಅವನು ಬದುಕುಳಿದದ್ದು ಹೇಗೆಂದು ನಾವು ಎರಡು ವರ್ಷ ಜಗಳವಾಡಿದ್ದೆವು. ಆ ದೃಶ್ಯದಲ್ಲಿ ಜಾನ್ ಫೋನ್ ಹಿಡಿದು ನಿಂತಿದ್ದ ಕಡೆ ನಾನೂ ನಿಂತೆ. ಚಾವಣಿ ಚೆನ್ನಾಗಿಯೇ ಕಂಡಿತು, ಆದರೆ ಬೀಳುವ ನೆಲ ಕಾಣಲಿಲ್ಲ. ನಡುವೆ ಆಂಬುಲೆನ್ಸ್ ಠಾಣೆಯ ಗಿಡ್ಡ ಕಟ್ಟಡ ಅಡ್ಡ ನಿಂತಿತ್ತು. ಷರ್ಲಾಕ್ ಜಾನ್‌ನನ್ನು "ಅಲ್ಲೇ ನಿಲ್ಲು" ಎಂದು ಯಾಕೆ ಅಷ್ಟು ಒತ್ತಾಯಿಸಿದ ಎನ್ನುವುದು ಆ ಗಿಡ್ಡ ಕಟ್ಟಡದ ಎತ್ತರದಲ್ಲಿತ್ತು. ಎಡಕ್ಕೆ ಹತ್ತು ಹೆಜ್ಜೆ ಹಾಕಿದರೆ ಗುಟ್ಟೆಲ್ಲ ರಟ್ಟು. ಜಾಗ ಸಿಕ್ಕ ಮೇಲೆ ಕಥೆ ಹೊಸೆದರೋ ಅಥವಾ ಕಥೆಗೆ ತಕ್ಕ ಜಾಗ ಹುಡುಕಿದರೋ ಎಂದು ಅಲ್ಲೇ ನಿಂತು ಯೋಚಿಸಿದೆ.

ಒಂದು ತಪ್ಪೂ ಆಯಿತು. ಮೊಬೈಲಿನ ಅಗಲ ಕೋನದಲ್ಲಿ ತೆಗೆದ ಚಿತ್ರಗಳಲ್ಲಿ ಚಾವಣಿ ಎಲ್ಲೋ ದೂರ ಸರಿದು ಮನೆಯ ಮಹಡಿಯಂತೆ ಕಂಡಿತು. ರಸ್ತೆ ದಾಟಿ ಹಿಂದಕ್ಕೆ ಸರಿದು, ಎರಡು ಪಟ್ಟು ಜೂಮ್ ಮಾಡಿದ ಮೇಲೆ ಸರಿಹೋಯಿತು.

ಸಂಜೆ ಬೇಸ್‌ವಾಟರಿನ ಲೀನ್ಸ್ಟರ್ ಗಾರ್ಡನ್ಸ್. 2014ರ ಸಂಚಿಕೆಯೊಂದರಲ್ಲಿ ಬರುವ 23 ಮತ್ತು 24ನೇ ಮನೆಗಳು ಇಲ್ಲಿವೆ. ಮನೆಗಳೆಂದೆ, ಆದರೆ ಅವು ಬರೀ ಗೋಡೆ. 1860ರ ದಶಕದಲ್ಲಿ ನೆಲದಡಿಯ ರೈಲು ಹಾಕುವಾಗ ಉಗಿಬಂಡಿಗಳು ಹೊಗೆ ಬಿಡಲು ಬಯಲು ಬೇಕಾಗಿ ಎರಡು ಮನೆಗಳನ್ನು ಕೆಡವಿದರು, ಬೀದಿಯ ಅಂದ ಕೆಡದಿರಲೆಂದು ಮುಂಭಾಗವನ್ನಷ್ಟೇ ಕಟ್ಟಿದರು. ಕಂಬ, ಬಾಲ್ಕನಿ ಎಲ್ಲ ನೆರೆಮನೆಯಂತೆಯೇ. ಹತ್ತಿರ ಹೋದರೆ ಕಿಟಕಿಗಳಲ್ಲಿ ಗಾಜಿಲ್ಲ, ಬೂದು ಬಣ್ಣ ಬಳಿದಿದ್ದಾರೆ. ಬಾಗಿಲಲ್ಲಿ ಕಾಗದ ಹಾಕುವ ಸೀಳಿಲ್ಲ. ಹಿಂಬದಿಯ ಬೀದಿಗೆ ಸುತ್ತಿ ಹೋಗಿ ಇಣುಕಿದೆ: ಗೋಡೆಗೆ ಆನಿಸಿದ ತೊಲೆಗಳು, ಕೆಳಗೆ ಹಳಿ. ನಾನು ಅರ್ಧ ಗಂಟೆಯ ಹಿಂದೆ ಕುಳಿತು ಬಂದ ರೈಲು ಇದರ ಬುಡದಲ್ಲೇ ಹಾದಿತ್ತು.

ತಂಗಿಗೆ ವಿಡಿಯೋ ಕರೆ ಮಾಡಿ ಎರಡೂ ಬದಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಒಮ್ಮೆ ಬಾಗಿಲು ತಟ್ಟಿ ನೋಡು" ಎಂದಳು. ತಟ್ಟಿದೆ.