ಬಿರುಗಾಳಿಗೆ ಮಾಡು ಹಾರಿದ ಹಳೆಯ ಅಂಗಡಿ ಕಟ್ಟಡದ ಚರಿತ್ರೆಯನ್ನು ಓದುವ ಕ್ರಮ

ಮಂಗಳೂರಿನ ಬಂದರು ಪ್ರದೇಶದಲ್ಲಿಯೂ ಕರಾವಳಿಯ ಇತರ ಪೇಟೆಗಳಲ್ಲಿಯೂ ಉಳಿದಿರುವ ಹಂಚಿನ ಮಾಡಿನ (ಚಾವಣಿಯ) ಅಂಗಡಿಗಳು ಮತ್ತು ಗೋದಾಮುಗಳು ಹೊರನೋಟಕ್ಕೆ ತಮ್ಮ ವಯಸ್ಸನ್ನು ತೋರಿಸುವುದಿಲ್ಲ. ಎದುರುಗೋಡೆಯನ್ನು ಫ್ಲೆಕ್ಸ್ ಫಲಕಗಳು ಮುಚ್ಚಿರುತ್ತವೆ, ಒಳಗೆ ಫಾಲ್ಸ್ ಸೀಲಿಂಗ್ ಮಾಡನ್ನೇ ಮರೆಮಾಡಿರುತ್ತದೆ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆಯಂತಹ ಚಂಡಮಾರುತವೋ ಮುಂಗಾರಿನ ಮೊದಲ ಬಿರುಗಾಳಿಯೋ ಈ ಹೊದಿಕೆಯನ್ನು ಕಿತ್ತೊಗೆದಾಗ, ಹತ್ತಾರು ವರ್ಷ ಯಾರೂ ಕಾಣದಿದ್ದ ಭಾಗಗಳು ಕೆಲವೇ ದಿನಗಳ ಮಟ್ಟಿಗೆ ಬಯಲಾಗುತ್ತವೆ. ಆ ದಿನಗಳಲ್ಲಿ ದಾಖಲಿಸಿಕೊಳ್ಳದೆ ಅವಶೇಷವನ್ನು ಲಾರಿಗೆ ತುಂಬಿಸಿದರೆ ಕಟ್ಟಡದ ಚರಿತ್ರೆಯೂ ಅದರೊಡನೆ ಹೋಗುತ್ತದೆ.

ಮೊದಲು ವಿದ್ಯುತ್ ಸಂಪರ್ಕವನ್ನು ಮೆಸ್ಕಾಂನವರಿಂದ ಕಡಿತಗೊಳಿಸಿ. ನೀರು ಕುಡಿದ ಕೆಂಪುಕಲ್ಲಿನ ಗೋಡೆ ಮಳೆ ನಿಂತ ಮೇಲೂ ಕುಸಿಯಬಹುದಾದ ಕಾರಣ, ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿ ನೋಡಿ ಒಪ್ಪುವವರೆಗೆ ಒಳಗೆ ಹೋಗಬೇಡಿ. ತೆರೆದ ಭಾಗಕ್ಕೆ ಟಾರ್ಪಾಲಿನ್ ಹೊದಿಸುವಾಗ ಗಾಳಿಯಾಡಲು ಎಡೆ ಬಿಡಿ.

ಯಾವುದನ್ನೂ ಕದಲಿಸುವ ಮೊದಲು ಛಾಯಾಚಿತ್ರ ತೆಗೆಯಬೇಕು. ಮೊದಲು ಇಡೀ ಕಟ್ಟಡ, ಬಳಿಕ ಪ್ರತಿ ಗೋಡೆ, ಅನಂತರ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಸಣ್ಣ ವಿವರಗಳು, ಈ ಕ್ರಮದಲ್ಲಿ ತೆಗೆದರೆ ಮುಂದೆ ಯಾವ ವಸ್ತು ಎಲ್ಲಿತ್ತೆಂಬ ಗೊಂದಲವಿರುವುದಿಲ್ಲ. ವಿಮೆಯ ಪರಿಹಾರ ಕೇಳಲು ಕೂಡ ಇವೇ ಚಿತ್ರಗಳು ಬೇಕಾಗುತ್ತವೆ.

ಕರಾವಳಿಯ ಕಟ್ಟಡದಲ್ಲಿ ಹೆಚ್ಚು ಮಾತಾಡುವುದು ಹಂಚು. ಬಿದ್ದ ಹಂಚುಗಳನ್ನು ರಾಶಿ ಹಾಕದೆ, ಮಾಡಿನ ಯಾವ ಮಗ್ಗುಲಿನ ಎಷ್ಟನೆಯ ಸಾಲಿನದೆಂದು ಸೀಮೆಸುಣ್ಣದಲ್ಲಿ ಬರೆದು ಬೇರೆ ಬೇರೆ ಇಡಿ. ಅನಂತರ ಹಿಂಬದಿಯಲ್ಲಿ ಅಚ್ಚೊತ್ತಿರುವ ತಯಾರಕರ ಹೆಸರನ್ನು ನೋಡಿ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹಂಚಿನ ಕಾರ್ಖಾನೆಯ ಗುರುತು ಕಂಡೊಡನೆ, ಅದರಲ್ಲಿ 1865 ಎಂಬ ಇಸವಿಯೂ ಇದ್ದರೆ, ಕಟ್ಟಡವೇ ಅಷ್ಟು ಹಳೆಯದೆಂದು ತೀರ್ಮಾನಿಸುವವರು ಬಹಳ. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ. 1868ರಲ್ಲಿ ಶುರುವಾದ ಆಲ್ಬುಕರ್ಕ್ ಕಾರ್ಖಾನೆಯ ಹಂಚಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಹೆಸರು ಬದಲಾದದ್ದು ಇಸವಿಗಿಂತ ಉತ್ತಮ ಸಾಕ್ಷಿ: ಮೊದಲ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಷನ್ನಿನ ಉದ್ದಿಮೆಗಳು ಬ್ರಿಟಿಷ್ ಸರ್ಕಾರದ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು, ಆದ್ದರಿಂದ ಟ್ರಸ್ಟ್‌ನ ಹೆಸರುಳ್ಳ ಹಂಚು ಆ ಯುದ್ಧಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಮಳೆಗಾಲಕ್ಕೆ ಮೊದಲು ಒಡೆದ ಹಂಚುಗಳನ್ನು ಬದಲಾಯಿಸುವ ಪದ್ಧತಿ ಇರುವುದರಿಂದ ಒಂದೇ ಮಾಡಿನಲ್ಲಿ ನಾಲ್ಕಾರು ಕಾರ್ಖಾನೆಗಳ ಹಂಚುಗಳು ಸಿಗುವುದು ಸಹಜ. ಯಾವ ಗುರುತಿನವು ಹೆಚ್ಚಿವೆ, ಅವು ಮಾಡಿನ ತುಂಬ ಹರಡಿವೆಯೇ ಇಲ್ಲವೇ ಒಂದು ಮೂಲೆಯಲ್ಲಿ ಮಾತ್ರ ಇವೆಯೇ ಎಂದು ಗಮನಿಸಿ. ಮಾಡಿನ ನೆತ್ತಿಯಲ್ಲಿ ಗಾರೆ ಹಾಕಿ ಕೂರಿಸಿದ ಹಂಚುಗಳನ್ನು ಮೇಲಿಂದ ಮೇಲೆ ಕದಲಿಸುವುದಿಲ್ಲವಾದ್ದರಿಂದ ಅವುಗಳ ಸಾಕ್ಷಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಫ್ಲೆಕ್ಸ್ ಹರಿದಾಗ ಅದರ ಹಿಂದೆ ಬಣ್ಣದಲ್ಲಿ ಬರೆದ ಹಳೆಯ ಅಂಗಡಿಯ ಹೆಸರು ಕಂಡರೆ ಅದನ್ನು ಉಜ್ಜಬೇಡಿ, ನೀರು ಹಾಕಿ ತೊಳೆಯಲೂ ಬೇಡಿ. ಸುಣ್ಣದ ಮೇಲಿನ ಸಡಿಲ ಬಣ್ಣ ಬಟ್ಟೆಗೆ ಅಂಟಿಕೊಂಡೇ ಬರುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಚಿತ್ರ ತೆಗೆದರೆ ಮಾಸಿದ ಅಕ್ಷರಗಳೂ ಸ್ಪಷ್ಟವಾಗುತ್ತವೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಬರಹ 1972ರ ಆಗಸ್ಟ್ 15ರ ನಂತರದ್ದು. ರಾಜ್ಯದ ಹೆಸರು ಮದ್ರಾಸ್ ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದೆಂದೂ, ಮೈಸೂರು ಎಂದಿದ್ದರೆ ಅಲ್ಲಿಂದ 1973ರವರೆಗಿನದೆಂದೂ ಬಹುಮಟ್ಟಿಗೆ ಊಹಿಸಬಹುದು. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಯೇ ಪೈಸೆಗಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು. ಆದರೆ ಫಲಕದ ವಯಸ್ಸು ಆ ವ್ಯಾಪಾರದ ವಯಸ್ಸು ಮಾತ್ರ; ಗೋಡೆ ಅದಕ್ಕಿಂತ ಎಷ್ಟೋ ಹಳೆಯದಾಗಿರಬಹುದು.

ಗೋಡೆಯ ಗಾರೆ ಉದುರಿದ ಜಾಗದಲ್ಲಿ ಕಲ್ಲುಗಳ ಜೋಡಣೆ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಗೆರೆಯಲ್ಲಿ ಕಡಿದುಹೋಗಿದ್ದರೆ, ಅಲ್ಲಿ ಎರಡು ಕಾಲದ ಕೆಲಸ ಸೇರಿದೆ ಅಥವಾ ಹಳೆಯ ಬಾಗಿಲೊಂದನ್ನು ಮುಚ್ಚಿದ್ದಾರೆ ಎಂದು ತಿಳಿಯಬೇಕು. ಮಾಡನ್ನು ಹೊರುವ ಪಕ್ಕಾಸುಗಳಲ್ಲಿ ಈಗ ಉಪಯೋಗವಿಲ್ಲದ ತೂತು, ಕಚ್ಚುಗಳಿದ್ದರೆ ಆ ಮರ ಬೇರೊಂದು ಕಟ್ಟಡದಿಂದ ಬಂದಿರಬಹುದು. ಕಬ್ಬಿಣದ ತೊಲೆಯ ಮೇಲೆ ಡಾರ್ಮನ್ ಲಾಂಗ್ ಎಂಬ ಇಂಗ್ಲೆಂಡಿನ ಕಂಪೆನಿಯ ಹೆಸರಿದ್ದರೆ ಅದು ಆಮದಾದದ್ದು. ಟಾಟಾ ಹೆಸರಿದ್ದರೆ 1912ಕ್ಕಿಂತ ಹಿಂದಿನದಲ್ಲ. ಹೊಸ್ತಿಲಿನಲ್ಲಿರುವ ಉದ್ದನೆಯ ಸೀಳು, ಶಟರ್ ಬರುವ ಮೊದಲು ಹಲಗೆಗಳನ್ನು ಒಂದೊಂದಾಗಿ ಜಾರಿಸಿ ಅಂಗಡಿ ಮುಚ್ಚುತ್ತಿದ್ದುದರ ಗುರುತು. ಅಟ್ಟದ ಬಾಗಿಲ ಮೇಲಿನ ರಾಟೆ, ಬಾಗಿಲ ಬಳಿಯ ದಪ್ಪ ಕೊಕ್ಕೆ, ಎಣ್ಣೆ ಹೀರಿ ಕಪ್ಪಾದ ನೆಲ, ಇವು ವ್ಯಾಪಾರದ ಸ್ವರೂಪವನ್ನು ಸೂಚಿಸುತ್ತವೆ. ಗೋಡೆಯ ಬುಡದಲ್ಲಿ ಉಪ್ಪು ಬಿಳಿಚಿಕೊಂಡಿದ್ದರೆ ಅಲ್ಲಿ ಉಪ್ಪನ್ನೋ ಒಣಮೀನನ್ನೋ ದಾಸ್ತಾನಿಟ್ಟಿದ್ದರೆಂದು ಹೇಳಿಬಿಡಬೇಡಿ, ಕಡಲತೀರದ ತೇವವೂ ಅದನ್ನೇ ಮಾಡುತ್ತದೆ.

ಅಟ್ಟದಲ್ಲಿ ಲೆಕ್ಕದ ಪುಸ್ತಕಗಳು ಒದ್ದೆಯಾಗಿ ಸಿಕ್ಕರೆ ಹಾಳೆಗಳನ್ನು ಬಿಡಿಸಲು ಹೋಗಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಸುಮಾರು 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುವುದರಿಂದ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟು ತಜ್ಞರನ್ನು ಕೇಳಿ. ಹುದುಗಿಸಿಟ್ಟ ಹಣ, ಬಂಗಾರ ಕಂಡರೆ ಹಂಚಿಕೊಳ್ಳದೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಗೆ ಸಂಬಂಧಿಸಿದ ಕಾನೂನು ಇದೆ.

ಕಂಡದ್ದನ್ನು ಕಾಗದಪತ್ರಗಳೊಡನೆ ಹೋಲಿಸಿ. ಹಳೆಯ ಕ್ರಯಪತ್ರ ಮತ್ತು ಮೂಲಗೇಣಿ (ಶಾಶ್ವತ ಗೇಣಿ) ಪತ್ರಗಳ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರದಲ್ಲಿ, ನೆರೆಯವರ ಹೆಸರುಗಳೂ ಕೆಲವೊಮ್ಮೆ ಅವರ ಅಂಗಡಿಯ ವಿವರವೂ ಇರುತ್ತವೆ. ಉಪನೋಂದಣಾಧಿಕಾರಿಯ ಕಚೇರಿ, ನಗರಪಾಲಿಕೆಯ ತೆರಿಗೆ ಪುಸ್ತಕಗಳ ಜೊತೆಗೆ, ಜಿಲ್ಲೆಯು ಮದ್ರಾಸಿಗೆ ಸೇರಿದ್ದ ಕಾಲದ ಕಡತಗಳಿಗಾಗಿ ಚೆನ್ನೈನ ತಮಿಳುನಾಡು ಪತ್ರಾಗಾರವನ್ನೂ ವಿಚಾರಿಸಬೇಕಾಗುತ್ತದೆ.

ದುರಸ್ತಿಯಲ್ಲಿ ಕೆಂಪುಕಲ್ಲಿನ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಿ, ಏಕೆಂದರೆ ಸಿಮೆಂಟ್ ಗಾರೆ ತೇವವನ್ನು ಕಲ್ಲಿನೊಳಗೇ ಕೂಡಿಹಾಕುತ್ತದೆ. ಗಟ್ಟಿಯಾಗಿರುವ ಹಳೆಯ ಹಂಚುಗಳನ್ನು ಒಂದೇ ಮಗ್ಗುಲಿಗೆ ಹೊದಿಸಿ, ಹೊಸವನ್ನು ಎಲ್ಲಿ ಹಾಕಿದಿರೆಂದು ನಕ್ಷೆಯಲ್ಲಿ ಗುರುತಿಸಿ. ಆ ನಕ್ಷೆ ಮತ್ತು ಚಿತ್ರಗಳ ಒಂದು ಪ್ರತಿ ಕಟ್ಟಡದ ಹಕ್ಕುಪತ್ರಗಳ ಜೊತೆಗಿರಲಿ, ಇನ್ನೊಂದನ್ನು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕಕ್ಕೆ ಕೊಡಿ.